ಹಗ್ಗದ ಜೊತೆಗಾರ

"ಹೆಸರು?"

ಸುಪ್ರೀತಾ ತಲೆ ಎತ್ತದೆಯೇ ಕೇಳಿದಳು. ಡಿಸೆಂಬರ್ ಇಪ್ಪತ್ತೇಳು, ಶನಿವಾರ. ಬೆಳಗ್ಗೆ ಏಳೂಕಾಲು. ಲಿಂಗರಾಜಪುರದ ಶಾಲಾ ಮೈದಾನದಲ್ಲಿ ಮಂಜು ಇನ್ನೂ ಕರಗಿರಲಿಲ್ಲ. ಕ್ಲಬ್ಬಿನ ಚಳಿಗಾಲದ ಶಿಬಿರಕ್ಕೆ ಬಂದ ಮಕ್ಕಳು, ಅವರ ಅಪ್ಪ ಅಮ್ಮಂದಿರು, ಅಜ್ಜಿಯರು ಎಲ್ಲ ಅವಳ ಮೇಜಿನ ಮುಂದೆ ಸಾಲು ನಿಂತಿದ್ದರು.

"ವಿಮಲಾಕ್ಷಿ. ವಯಸ್ಸು ಐವತ್ತೆಂಟು."

ಗಂಡು ದನಿ!

ಪೆನ್ನು ಅಲ್ಲೇ ನಿಂತಿತು. ಆ ದನಿ ಕೇಳಿ ಎರಡು ವರ್ಷವಾಗಿತ್ತು. ಆದರೂ ಅದು ಯಾರದೆಂದು ತಿಳಿಯಲು ಅವಳು ತಲೆ ಎತ್ತಬೇಕಿರಲಿಲ್ಲ.

ಎತ್ತಿದಳು. ಶಿವಶರಣ ನಿಂತಿದ್ದ. ಬಿಸಿಲಿಗೆ ಕಪ್ಪಾಗಿದ್ದ, ಸ್ವಲ್ಪ ಸೊರಗಿದ್ದ. ಪಕ್ಕದಲ್ಲಿ ಇಳಕಲ್ ಸೀರೆ ಉಟ್ಟು, ಕಾಲಿಗೆ ಹೊಚ್ಚ ಹೊಸ ಸ್ಪೋರ್ಟ್ಸ್ ಶೂ ಹಾಕಿಕೊಂಡ ಹೆಂಗಸು ಅವಳನ್ನೇ ಕಣ್ಣಿಟ್ಟು ನೋಡುತ್ತಿದ್ದರು.

"ನಮ್ಮಮ್ಮ," ಎಂದ ಅವನು. "ಹೇಗಿದ್ದೀಯಾ ಸುಪ್ರೀತಾ?"

"ಚೆನ್ನಾಗಿದ್ದೀನಿ. ನೀವು ಯಾವಾಗ ಬಂದ್ರಿ ಬೆಂಗಳೂರಿಗೆ?"

ನೀವು... ಅವನ ಮುಖ ಒಂದು ಕ್ಷಣ ಬಾಡಿತು.

"ನವೆಂಬರ್‌ನಲ್ಲಿ. ರಾಯಚೂರಿನ ರಸ್ತೆ ಸರ್ವೆ ಕೆಲಸ ಮುಗೀತು. ಈಗ ಕಲ್ಯಾಣ ನಗರದಲ್ಲಿ ಮನೆ."

"ಮೂರನೇ ನಂಬರ್ ಡೇರೆ. ಮುಂದೆ ಹೋಗಿ," ಎಂದು ಅವಳು ಚೀಟಿ ಹರಿದುಕೊಟ್ಟಳು. "ನೆಕ್ಸ್ಟ್!"

ಅವನು ಹೋದ ಮೇಲೆ ಬಂದ ಮೂವರ ಹೆಸರುಗಳನ್ನು ಅವಳು ತಪ್ಪು ಅಂಕಣದಲ್ಲಿ ಬರೆದಳು.

ಸುಪ್ರೀತಾ ದಾವಣಗೆರೆಯವಳು. ಇಂದಿರಾನಗರದ ಕನ್ನಡಕದಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವ ಕೆಲಸ, ಜೋಗುಪಾಳ್ಯದಲ್ಲೊಂದು ಬಾಡಿಗೆ ರೂಮು. ಬೆಂಗಳೂರಿನಲ್ಲಿ ಪರಿಚಯದವರಿಲ್ಲದ ಮೊದಲ ವರ್ಷ ಭಾನುವಾರ ಕಳೆಯಲೆಂದು ಈ ಕ್ಲಬ್ಬಿಗೆ ಬಂದಿದ್ದಳು. ಮಕ್ಕಳಿಗೆ ಡೇರೆ ಹಾಕುವುದು, ದಿಕ್ಕು ನೋಡಿ ನಡೆಯುವುದು, ಮೂವತ್ತಡಿ ಮರದ ಗೋಡೆ ಹತ್ತುವುದು, ಇವನ್ನೆಲ್ಲ ಕಲಿಸುವ ಕ್ಲಬ್ಬು.

ಗೋಡೆ ಹತ್ತುವವರ ಸೊಂಟದ ಪಟ್ಟಿಗೆ ಕಟ್ಟಿದ ಹಗ್ಗ, ಮೇಲಿನ ಕಬ್ಬಿಣದ ಕೊಂಡಿಯೊಳಗಿಂದ ಇಳಿದು ಕೆಳಗೆ ನಿಂತವರ ಕೈ ಸೇರುತ್ತದೆ. ಮೇಲಿನವರು ಏರಿದಂತೆ ಕೆಳಗಿನವರು ಹಗ್ಗ ಎಳೆದುಕೊಳ್ಳಬೇಕು. ಜಾರಿದರೆ ತಡೆಯಬೇಕು. ಅದಕ್ಕೇ ಸ್ವಯಂಸೇವಕರಿಗೆಲ್ಲ ವರ್ಷಪೂರ್ತಿ ಒಬ್ಬನೇ ಜೊತೆಗಾರ. ಹದಿನಾಲ್ಕು ತಿಂಗಳು ಶಿವಶರಣನ ಹಗ್ಗವನ್ನು ಅವಳು ಹಿಡಿದಿದ್ದಳು, ಅವಳದನ್ನು ಅವನು.

2023ರ ಡಿಸೆಂಬರ್ ಶಿಬಿರದ ಮೊದಲ ದಿನ, ಶನಿವಾರ, ಅವನು ಜಾರಿದ. ಅವಳು ಹಗ್ಗ ಎಳೆದುಕೊಳ್ಳುವುದು ತಡವಾಗಿತ್ತು. ನಾಲ್ಕಡಿ ಬಿದ್ದ ಮೇಲೆ ಹಗ್ಗ ಬಿಗಿಯಿತು. ಅವನಿಗೆ ಏನೂ ಆಗಲಿಲ್ಲ. ಕೆಳಗಿಳಿದು ನಕ್ಕಿದ್ದ ಕೂಡ.

ಮರುದಿನ ಬೆಳಗ್ಗೆ ರಿಜಿಸ್ಟರಿನಲ್ಲಿ ಅವಳ ಹೆಸರಿನ ಮೇಲೆ ಗೆರೆ ಎಳೆದು, "ಜೊತೆ ಬದಲಾವಣೆ" ಎಂದು ಬರೆದು ಸಹಿ ಹಾಕಿದ್ದ.

ಕ್ಲಬ್ಬಿನಲ್ಲಿ ಅದಕ್ಕೆ ಕಾರಣ ಕೊಡಬೇಕಿಲ್ಲ. ಯಾರೂ ಕೇಳುವುದೂ ಇಲ್ಲ.

'ನನ್ನ ಕೈ ಮೇಲೆ ಇವನಿಗೆ ನಂಬಿಕೆ ಹೋಯ್ತು...' ಅವಳು ಆ ಕ್ಷಣವೇ ಅಡುಗೆ ಡೇರೆಗೆ ಹೋಗಿ ಈರುಳ್ಳಿ ಹೆಚ್ಚಲು ಕೂತಳು. ಕಣ್ಣೀರಿಗೆ ನೆಪ ಬೇಕಿತ್ತು. ಅವನು ಎರಡು ಸಲ ಡೇರೆಯ ಬಾಗಿಲವರೆಗೆ ಬಂದ. ಅವಳು ತಿರುಗಲಿಲ್ಲ. ಜನವರಿಯಲ್ಲಿ ಅವನು ರಾಯಚೂರಿಗೆ ಹೋದ.

ಅವತ್ತಿನಿಂದ ಅವಳು ಯಾರ ಹಗ್ಗವನ್ನೂ ಹಿಡಿದಿಲ್ಲ. ಪಟ್ಟಿ ಬರೆಯುತ್ತಾಳೆ, ಚಹಾ ಕಾಸುತ್ತಾಳೆ. ಮಕ್ಕಳು "ಅಕ್ಕ, ನೀವು ಹಿಡೀರಿ" ಅಂದರೆ, "ಭುಜ ನೋವು ಪುಟ್ಟಾ" ಅನ್ನುತ್ತಾಳೆ.

ಭುಜಕ್ಕೇನೂ ಆಗಿರಲಿಲ್ಲ. ಪ್ರತಿ ಭಾನುವಾರ ಗೋಡೆಯ ಬುಡಕ್ಕೆ ಹೋಗಿ ಒಂದು ಕ್ಷಣ ಮೇಲೆ ನೋಡಿ ಬರುತ್ತಿದ್ದಳು, ಅಷ್ಟೇ. ಅವನು ಅಲ್ಲಿರುತ್ತಿರಲಿಲ್ಲ.

ಶಿಬಿರದ ಎರಡನೇ ದಿನ, ಭಾನುವಾರ, ಹತ್ತು ಗಂಟೆಗೆ ಮನೆಯವರು ಗೋಡೆ ಹತ್ತುವ ಸರದಿ. ಕ್ಲಬ್ಬಿನ ಮುಖ್ಯಸ್ಥ ಅಕ್ತರ್ ಸರ್ ಫ್ರೇಜರ್ ಟೌನಿನವರು, ನಿವೃತ್ತ ಪಿ.ಟಿ. ಮೇಷ್ಟ್ರು. ಸೀಟಿ ಊದಿ, ಪ್ರತಿ ವರ್ಷ ಹೇಳುವುದನ್ನೇ ಹೇಳಿದರು.

"ಕೇಳಿ ಎಲ್ಲಾರೂ! ಮನೆಯವರ ಹಗ್ಗ ಮನೆಯವರು ಹಿಡಿಯೋ ಹಾಗಿಲ್ಲ. ಗಂಡ ಹೆಂಡತೀದು ಇಲ್ಲ, ತಾಯಿ ಮಗೂದು ಇಲ್ಲ. ಪ್ರೀತಿ ಇದ್ರೆ ಕೈ ನಡುಗುತ್ತೆ. ನಮ್ಗೆ ನಡುಗದೇ ಇರೋ ಕೈ ಬೇಕು. ಮನೆಯವರೆಲ್ಲ ಆ ಸುಣ್ಣದ ಗೆರೆ ಆಚೆ ನಿಲ್ಲಿ!"

ಈ ಮಾತನ್ನು ಸುಪ್ರೀತಾ ಎಷ್ಟು ಸಲ ಕೇಳಿದ್ದಳೋ! ಚಹಾ ಲೋಟಗಳನ್ನು ಜೋಡಿಸುತ್ತಲೇ ಇದ್ದಳು.

ವಿಮಲಾಕ್ಷಿ ಸೀರೆ ಬಿಟ್ಟು ಚೂಡಿದಾರ ತೊಟ್ಟು ಬಂದಿದ್ದರು. ಸೊಂಟಕ್ಕೆ ಪಟ್ಟಿ, ತಲೆಗೆ ಹೆಲ್ಮೆಟ್ಟು.

"ನನ್ನ ಹಗ್ಗ ಯಾರು ಹಿಡೀತಾರ್ರಿ ಮಾಸ್ತರ?"

"ನಾನೇ ಹಿಡೀತೀನಮ್ಮ."

"ನೀವು ಬ್ಯಾಡ್ರಿ. ಆ ಚಾ ಕೊಡೂ ಹುಡಿಗಿ ಹಿಡೀಲಿ."

ಲೋಟವೊಂದು ಕೆಳಗೆ ಬಿತ್ತು.

"ನಂಗೆ ಆಗಲ್ಲ ಆಂಟಿ... ನಾನು ಬಿಟ್ಟು ಎರಡು ವರ್ಷ ಆಯ್ತು."

"ನಾ ಹುಟ್ಟಿದಾಗಿಂದ ಹತ್ತಿಲ್ಲವ್ವ. ಸರಿಜೋಡಿ ಆತು, ಬಾ!"

ಸುತ್ತಲಿದ್ದವರು ನಕ್ಕರು. ಅಕ್ತರ್ ಸರ್ ನಗಲಿಲ್ಲ. ಹತ್ತಿರ ಬಂದು ಮೆಲ್ಲಗೆ ಹೇಳಿದರು: "ಬೇಟಾ, ಹಗ್ಗದ ತುದಿ ನನ್ ಕೈಲಿರುತ್ತೆ. ನೀನು ಬಿಟ್ರೂ ನಾನು ಬಿಡಲ್ಲ. ಬಾ."

ಅವಳು ಒಮ್ಮೆ ಗೆರೆಯ ಆಚೆ ನೋಡಿದಳು. ಶಿವಶರಣ ಅಲ್ಲಿದ್ದ. ಅಮ್ಮನನ್ನಲ್ಲ, ಇವಳನ್ನೇ ನೋಡುತ್ತಿದ್ದ. 'ಈಗಲೂ ಬೇಡ ಅಂತಾನಾ?'

ಹಗ್ಗ ಕೈಗೆ ಬಂತು. ಗಂಟು ನೋಡಿದಳು, ಕೊಕ್ಕೆ ನೋಡಿದಳು, ಮತ್ತೊಮ್ಮೆ ನೋಡಿದಳು.

"ಹತ್ತಿ ಆಂಟಿ."

ಐದಡಿ... ಹತ್ತಡಿ... ಹದಿನೈದು. ಅವಳ ಕೈ ತಾನಾಗಿಯೇ ಹಗ್ಗ ಎಳೆದುಕೊಳ್ಳುತ್ತಿತ್ತು. ಇಪ್ಪತ್ತಡಿಯ ಹತ್ತಿರ ವಿಮಲಾಕ್ಷಿ ನಿಂತುಬಿಟ್ಟರು.

"ಕಾಲು ನಡಗಾಕತ್ಯಾವ!"

"ಹಗ್ಗದ ಮೇಲೆ ಭಾರ ಬಿಟ್ಟು ಕೂತ್ಕೊಳ್ಳಿ ಆಂಟಿ. ನಾನು ಹಿಡಿದಿದ್ದೀನಿ."

ಅವರು ಕೂತರು. ಗಾಳಿಯಲ್ಲಿ ತೂಗುತ್ತ, ಮನೆ ಕಟ್ಟೆಯ ಮೇಲೆ ಕೂತವರಂತೆ ಮಾತಿಗೆ ತೊಡಗಿದರು.

"ಈ ವಯಸ್ಸಿನ್ಯಾಗ ನಾ ಗ್ವಾಡಿ ಹತ್ತಾಕ ಬಂದೀನಂತ ತಿಳದೀಯೇನವ್ವ? ನಿನ್ನ ನೋಡಾಕ ಬಂದೀನಿ!"

"ಅಮ್ಮಾ!" ಗೆರೆಯ ಆಚೆಯಿಂದ ಶಿವಶರಣ ಕೂಗಿದ. "ಸುಮ್ನ ಇಳಿ!"

"ನೀ ಸುಮ್ನಿರಲೇ! ಎರಡ ವರ್ಷ ಸುಮ್ನಿದ್ದಿ, ಸಾಕು." ಮತ್ತೆ ಇವಳ ಕಡೆ ಬಾಗಿದರು. "ಕನ್ಯಾ ನೋಡಾಕ ಹೋಗೂಣು ನಡಿಯಪಾ ಅಂದ್ರ, ಒಲ್ಲೆ ಅಂತಾನ. ಯಾಕಲೇ ಅಂದ್ರ, ಹಗ್ಗಾ ಅಂತಾನ! ಎಂಥಾ ಹಗ್ಗ ಅಂತ ಗದರಿಸಿ ಕೇಳಿದೆ. ಆಗ ಬಾಯಿ ಬಿಟ್ಟ. 'ಆ ಹುಡಿಗಿ ಮನಸಿನ್ಯಾಗ ಬಂದ್ಲವ್ವ. ಮನಿ ಮಂದಿ ಹಗ್ಗ ಹಿಡೀಬಾರ್ದಂತ ಕಾನೂನೈತಿ, ಅದಕ್ಕ ಜೋಡಿ ಬಿಟ್ಟೆ. ಆಕಿಗೆ ತಿಳೀತು, ಆದ್ರ ಬ್ಯಾಡಂತ ಒಳಗ ಹ್ವಾದ್ಲು' ಅಂದ."

ಸುಪ್ರೀತಾಳ ಕಣ್ಣು ತುಂಬಿ ಬಂತು. ಒರೆಸಿಕೊಳ್ಳುವಂತಿರಲಿಲ್ಲ, ಎರಡೂ ಕೈ ಹಗ್ಗದ ಮೇಲಿದ್ದವು. ತಿರುಗಿ ಅವನನ್ನು ನೋಡುವಂತೆಯೂ ಇರಲಿಲ್ಲ, ಕಣ್ಣು ಮೇಲಿರಬೇಕು. ಕೆನ್ನೆಯ ಮೇಲೆ ನೀರು ಇಳಿಯುತ್ತಲೇ ಇತ್ತು.

'ಮನೆಯವರು... ನನ್ನನ್ನು ಮನೆಯವರಲ್ಲಿ ಸೇರಿಸಿದ್ದನೇ ಇವನು? ಆ ಗೆರೆ ಎಳೆದದ್ದು ಅದಕ್ಕೇ?'

"ಖರೇನ ಬ್ಯಾಡಾಗಿದ್ನೇನವ್ವ ಅಂವ?" ಮೇಲಿಂದ ದನಿ ಸಣ್ಣದಾಗಿ ಬಂತು.

"ಇಲ್ಲ ಆಂಟಿ," ಎಂದಳು. "ನಂಗೆ ಗೊತ್ತೇ ಆಗ್ಲಿಲ್ಲ."

"ಹಂಗಾರ ಇಳಸವ್ವ ನನ್ನ. ಸಾವಕಾಶ."

ಅಡಿ ಅಡಿಯಾಗಿ ಇಳಿಸಿದಳು. ಅವರ ಶೂ ನೆಲ ಮುಟ್ಟಿ, ಅಕ್ತರ್ ಸರ್ ಕೊಕ್ಕೆ ಬಿಚ್ಚುವವರೆಗೂ ಅವಳ ಕೈ ಒಂದಿಷ್ಟೂ ಸಡಿಲವಾಗಲಿಲ್ಲ. ಆಮೇಲೆ ಎರಡೂ ಕೈ ಗಡಗಡ ನಡುಗಿದವು.

ಶಿವಶರಣ ಗೆರೆ ದಾಟಿ ಬಂದ. ಅಕ್ತರ್ ಸರ್ ಜೋರಾಗಿ ಸೀಟಿ ಊದಿ, "ಎಲ್ಲಾರೂ ಚಹಾಗೆ!" ಎಂದು ಜನರನ್ನು ಅಟ್ಟಿದರು.

"ನಾಲ್ಕಡಿ ಬಿದ್ದಿದ್ದೆ ನೀನು," ಎಂದಳು ಸುಪ್ರೀತಾ. "ಮಾರನೇ ದಿನ ಗೆರೆ ಎಳ್ದೆ. ನಾನೇನು ಅಂದ್ಕೋಬೇಕಿತ್ತು?"

"ಬಿದ್ದಿದ್ದಾ?" ಅವನು ದಂಗಾದ. "ಅದಕ್ಕಾ? ಸುಪ್ರೀತಾ... ಅವತ್ತು ಕೆಳಗೆ ನೋಡ್ದೆ. ನಿನ್ ಮುಖ ಬಿಳಿಚಿ ಹೋಗಿತ್ತು. ಇಷ್ಟು ಹೆದರ್ಕೊಂಡು ನನ್ನ ಹಿಡ್ಕೊಂಡಿದ್ದಾಳಲ್ಲ ಅನ್ನಿಸ್ತು. ಮಾರನೇ ದಿನ ನಿನ್ ಹಗ್ಗ ಹಿಡೀಬೇಕಾಗಿದ್ದು ನಾನು. ನನ್ ಕೈ ನಡುಗುತ್ತೆ ಅಂತ ಗೊತ್ತಾಯ್ತು. ನಿನ್ನ ಬೀಳಿಸಿಬಿಟ್ರೆ?"

"ಒಂದ್ ಮಾತು ಹೇಳೋಕಾಗ್ತಿರ್ಲಿಲ್ವಾ?"

"ಎರಡು ಸಲ ಬಂದೆ. ನೀನು ಬೆನ್ನು ಹಾಕಿ ಕೂತಿದ್ದೆ. ರೂಲ್ ನಿಂಗೂ ಗೊತ್ತಲ್ಲ, ಅರ್ಥ ಆಗಿದೆ, ಇದೇ ಉತ್ತರ ಅಂದ್ಕೊಂಡೆ."

"ಅಳ್ತಿದ್ದೆ ಕಣೋ!"

ಅವನು ತಲೆ ತಗ್ಗಿಸಿದ. "ಎರಡು ವರ್ಷ..."

"ಎರಡು ವರ್ಷ, ನಾಲ್ಕು ದಿನ," ಎಂದಳು ಅವಳು. ಲೆಕ್ಕ ಅವಳ ಬಾಯಲ್ಲೇ ಇತ್ತು. "ಈಗ ಬಾಯಿಬಿಟ್ಟು ಹೇಳು. ನಿಮ್ಮಮ್ಮ ಹೇಳಿದ್ದು ನಂಗೆ ಸಾಲ್ದು."

"ಎಲ್ಲಾರೂ ನೋಡ್ತಿದ್ದಾರೆ..."

"ನೋಡ್ಲಿ."

ಅವನು ಅವಳ ನಡುಗುವ ಕೈಗಳನ್ನು ತನ್ನ ಕೈಗಳಲ್ಲಿ ಹಿಡಿದ. ಅವನವೂ ನಡುಗುತ್ತಿದ್ದವು.

"ನೀನಂದ್ರೆ ನಂಗೆ ಇಷ್ಟ, ಸುಪ್ರೀತಾ. ರಾಯಚೂರಿನ ಬಿಸಿಲಲ್ಲಿ ದಿನಾ ನಿನ್ನೇ ನೆನೆಸ್ಕೋತಿದ್ದೆ. ಮರೆಯೋಕೆ ಆಗ್ಲಿಲ್ಲ."

ಅವಳು ಇಷ್ಟು ದಿನ ಕಾದಿದ್ದ ಮಾತು ಇದು.

"ಶುಕ್ರವಾರ ರಜೆ ಹಾಕ್ತೀಯಾ?" ಎಂದು ಕೇಳಿದಳು.

"ಯಾಕೆ?"

"ದಾವಣಗೆರೆಗೆ ಬಾ. ಅಪ್ಪನ ಹತ್ರ ಮಾತಾಡ್ಬೇಕು."

ಅವನ ಮುಖದಲ್ಲಿ ನಗು ಹರಡಿತು. "ಅಮ್ಮನ್ನೂ ಕರ್ಕೊಂಡು ಬರ್ಲಾ?"

"ಅವ್ರನ್ನ ಖಂಡಿತ ಕರ್ಕೊಂಡು ಬಾ," ಎಂದಳು ಸುಪ್ರೀತಾ, ಕೈ ಬಿಡಿಸಿಕೊಳ್ಳದೆಯೇ. "ನಿನ್ನನ್ನೇ ನಂಬ್ಕೊಂಡ್ರೆ ಇನ್ನೂ ಎರಡು ವರ್ಷ ಆಗುತ್ತೆ."