ಕಬ್ಬಿನ ಎಣ್ಣೆಯಲ್ಲಿ ಓಡಿದ ಕಾರು

"ಈ ಕಾರು ಇನ್ನೂ ಜೀವಂತ ಅದ ಏನ್ರಿ?"

ಬಾನೆಟ್ಟಿನಿಂದ ತಲೆಯೆತ್ತಿದ ಮೈತ್ರೇಯಿಯ ಮೂಗಿನ ಮೇಲೆ ಗ್ರೀಸ್. ದೀಪಕನ ಎದೆ ಒಂದನೇ ಗೇರಿನಿಂದ ಸೀದಾ ನಾಲ್ಕಕ್ಕೆ ಹಾರಿತು!

ಅದು 2012ರ ನಾಸಿಕ್. ದೀಪಕ ಉಡುಪಿ ಹೋಟೆಲಿನವನು. ಅವನ ತರಕಾರಿ ಹೊರುವ ಹಳೇ ಕಾರು ಕೆಮ್ಮಿದರೆ ಗೋದಾವರಿಯ ಮೀನುಗಳು ದಡಕ್ಕೆ ಹಾರುತ್ತಿದ್ದವು.

ಅಲ್ಲೇ ಮೆಕ್ಯಾನಿಕ್ ಕೆಲಸ ಕಲಿಯುತ್ತಿದ್ದ ಧಾರವಾಡ ಕಡೆಯ ಮೈತ್ರೇಯಿಗೆ ಸ್ವಂತ ಗ್ಯಾರೇಜಿನ ಹುಚ್ಚು. ಪೆಟ್ರೋಲಿಗೆ ನೂರಕ್ಕೆ ಇಪ್ಪತ್ತು ಪಾಲು ಕಬ್ಬಿನ ಎಥನಾಲ್ ಬೆರೆಸಿ ಎಂಥ ಹಳೇ ಕಾರನ್ನೂ ಓಡಿಸುತ್ತೇನೆ ಎಂದಿದ್ದಳು. ಈಗ ಸಂಭಾಜಿನಗರ ಎನ್ನುವ ಊರಿನ ಬ್ಯಾಂಕಿನಲ್ಲಿದ್ದ ಅವಳ ಅಪ್ಪ ಮಧುಕರರಾಯರು, ಭಾನುವಾರ ಸಂಜೆಯೊಳಗೆ ಅಂಥದೊಂದನ್ನು ಮನೆ ಬಾಗಿಲಿಗೆ ಓಡಿಸಿ ತಂದರೆ ಗ್ಯಾರೇಜು, ಇಲ್ಲದಿದ್ದರೆ ಬ್ಯಾಂಕ್ ಪರೀಕ್ಷೆ ಎಂದುಬಿಟ್ಟರು.

ದೀಪಕ ಕಾರು ಕೊಟ್ಟ. ವಾರವಿಡೀ ಅವಳು ಕಾರ್ಬ್ಯುರೇಟರ್ ಬಿಚ್ಚಿ, ಇಂಧನ ಹೆಚ್ಚು ಹರಿಯಲೆಂದು ದೊಡ್ಡ ಜೆಟ್ ಕೂರಿಸಿದಳು, ಕಿಡಿಯ ಟೈಮಿಂಗ್ ತಿದ್ದಿದಳು. ಅವನು ದಿನಾ ದೋಸೆ ತಂದ. ದೋಸೆ ಮುಗಿದರೂ ಹೋಗುತ್ತಿರಲಿಲ್ಲ...

ಭಾನುವಾರ ದಾರಿಯ ಮೇಲಿನ ಯೇವಲಾ ಊರಿನವರೆಗೆ ಕಾರು ಹಾರಿತು! ಅಲ್ಲಿ ದೀಪಕ ತಾನು ಎಥನಾಲ್ ಬೆರೆತ ಪೆಟ್ರೋಲ್ ತುಂಬಿಸಿ ತಂದಿದ್ದ ಕ್ಯಾನನ್ನು ಟ್ಯಾಂಕಿಗೆ ಸುರಿದ. ಸ್ವಲ್ಪ ದೂರ ಹೋಗುವಷ್ಟರಲ್ಲಿ ಇಂಜಿನ್ ಬಿಕ್ಕಿ ನಿಂತೇಬಿಟ್ಟಿತು.

ಮೈತ್ರೇಯಿ ಟ್ಯಾಂಕಿನಿಂದ ಒಂದು ಬಾಟಲಿಗೆ ಇಂಧನ ಇಳಿಸಿ ನೋಡಿದಳು. ತಳದಲ್ಲಿ ಬೇರೆಯೇ ಒಂದು ಪದರ. ನೀರು! ನೀರು ಸೇರಿದರೆ ಎಥನಾಲ್ ಪೆಟ್ರೋಲನ್ನು ಬಿಟ್ಟು ನೀರಿನೊಂದಿಗೆ ತಳಕ್ಕಿಳಿಯುತ್ತದೆ.

'ನಾನು ಸೋಲಲಿ ಅಂತ ಅಪ್ಪನೇ ಇವನಿಗೆ ಹೇಳಿಕೊಟ್ಟರಾ...?' ಅವಳ ಕಣ್ಣು ತುಂಬಿತು.

"ನೀರ್ ಹಾಕೀರಿ. ಯಾಕ್ರಿ?"

"ಹಾಕಲಿಲ್ಲ ಮಾರಾಯ್ರೆ. ಕ್ಯಾನ್ ಮೂರು ಸಲ ತೊಳೆದೆ. ತೊಳೆಯದ ಪಾತ್ರೆಗೆ ನಮ್ಮ ಹೋಟೆಲಲ್ಲಿ ಏನೂ ತುಂಬುವ ಕ್ರಮ ಇಲ್ಲ."

"ತೊಳದ ಮ್ಯಾಲೆ ಒರಸಿದ್ರೇನು?"

"ಒರಸ್ಲಿಕ್ಕುಂಟಾ?"

ಮೈತ್ರೇಯಿ ಅಳುತ್ತಲೇ ನಕ್ಕಳು. ಕೆಟ್ಟದ್ದು ಮಾಡಿದವನಲ್ಲ, ಅತಿ ಚೊಕ್ಕಟ ಮಾಡಿದವನು!

ಟ್ಯಾಂಕು ಪೂರ್ತಿ ಬರಿದು ಮಾಡಿದರು. ದೀಪಕ ಬಂಕಿಗೆ ಓಡಿ ಪೆಟ್ರೋಲ್ ತಂದ. ಡಿಕ್ಕಿಯಲ್ಲಿ ಅವನ ಕೈ ತಾಗದ ಬರೀ ಎಥನಾಲಿನ ಇನ್ನೊಂದು ಕ್ಯಾನಿತ್ತು. ಅವಳು ಅಳತೆಮಾಡಿ ಬೆರೆಸಿದಳು, ಕಾರ್ಬ್ಯುರೇಟರ್ ತೊಳೆದಳು, ಕೀಲಿ ತಿರುಗಿಸಿದಳು. ಇಂಜಿನ್ ಗರ್ಜಿಸಿತು!

ಸೂರ್ಯ ಮುಳುಗುವ ಮುಂಚೆ ಸಂಭಾಜಿನಗರದ ಆ ಓಣಿಯಲ್ಲಿ ಹಾರನ್ ಮೊಳಗಿತು. ಸತ್ತವರೂ ಎದ್ದು ಬಾಗಿಲಿಗೆ ಬರುವಂಥ ಹಾರನ್. ಮಧುಕರರಾಯರು ಕಾರಿಗೆ ಎರಡು ಸುತ್ತು ಹಾಕಿ, ನಾಳೆಯಿಂದಲೇ ಗ್ಯಾರೇಜಿಗೆ ಜಾಗ ಹುಡುಕೋಣ ಎಂದು, ಚಹಾ ಹೇಳಲು ಒಳಗೆ ಹೋದರು.

ಇಬ್ಬರೇ ಉಳಿದರು.

"ವಾಪಸ್ ಹೋಗೂವಾಗ ಯಾರ್ ಓಡಸ್ತಾರ?"

"ನೀವೇ ಓಡಿಸಿ. ನಾನು ಪಕ್ಕದಲ್ಲಿ ಕೂತ್ಕೊಳ್ತೇನೆ."

"ಎಲ್ಲೀ ತನಕ?"

"ಕಾರು ನಿಲ್ಲುವ ತನಕ."

"ನಾ ಟ್ಯೂನ್ ಮಾಡಿದ್ದು ಇನ್ನ ನಿಲ್ಲೂದಿಲ್ರಿ."

"ಗೊತ್ತುಂಟು," ಎಂದ ದೀಪಕ ಮೆಲ್ಲಗೆ. "ಅದಕ್ಕೇ ಹೇಳಿದ್ದು..."