ಕೂದಲೆಳೆಯಷ್ಟು ಸೊಟ್ಟ

"ಪೆಟ್ಟಿಗೆ ಕೊಡಿ."

"ಮೊದಲು ಕೈ ತೊಳ್ಕೊಂಡು ಬನ್ನಿ."

ಹಳೇ ಕಂಪ್ಯೂಟರ್ ರಿಪೇರಿಯ ಆ ಅಂಗಡಿಯಲ್ಲಿ ಇಲ್ಲಿಯವರೆಗೆ ಯಾವ ಗಿರಾಕಿಯೂ ಹಾಗೆ ಅಂದಿರಲಿಲ್ಲ. ಆದರೆ ಇವಳು ಹಲ್ಲಿನ ಡಾಕ್ಟರು. ರಿಪೇರಿಯವನು ಕೈ ತೊಳೆದು ಬಂದು, ಒರೆಸಿಕೊಳ್ಳುವುದನ್ನೂ ಮರೆತು ಅವಳ ಮುಖವನ್ನೇ ನೋಡುತ್ತಾ ನಿಂತ.

"ಕೈಯಿಂದ ನೀರು ಸೋರ್ತಿದೆ," ಎಂದಳು. ಪಾಪ, ಅವನ ಗತಿ ಅಲ್ಲಿಗೇ ಮುಗಿಯಿತೆನ್ನಿ.

ಪೆಟ್ಟಿಗೆಯಲ್ಲಿ ಹತ್ತೊಂಬತ್ತು ಫ್ಲಾಪಿಗಳೂ, ಅವನ್ನು ಬರೆಯುವ, ಓದುವ ಡ್ರೈವೂ ಇದ್ದವು. ಅವಳ ಅಪ್ಪ ಮನೆಯ ಕಂಪ್ಯೂಟರಿನಲ್ಲಿ ಮಗಳ ಹತ್ತನೇ ವರ್ಷದಿಂದ ಪ್ರತಿ ಹುಟ್ಟುಹಬ್ಬಕ್ಕೂ ಒಂದು ಟ್ಯೂನ್ ಕಟ್ಟಿ, ಒಂದೊಂದು ಫ್ಲಾಪಿಯಲ್ಲಿ ಉಳಿಸುತ್ತಿದ್ದರು. ಕೊನೆಯದನ್ನು ಕಟ್ಟಿಟ್ಟು, ಹುಟ್ಟುಹಬ್ಬಕ್ಕೆ ವಾರವಿರುವಾಗ ತಾವೇ ಹೋಗಿಬಿಟ್ಟರು. ವರ್ಷದ ಮೇಲೆ ಮನಸ್ಸು ಗಟ್ಟಿ ಮಾಡಿಕೊಂಡು ಹಾಕಿದರೆ, ಡ್ರೈವ್ ಓದಲೇ ಇಲ್ಲ.

"ಅಪ್ಪ ಮುಟ್ಟಿದ ವಸ್ತು ಇದು. ಏನೇ ಬಿಚ್ಚೋದಿದ್ರೂ ನನ್ನ ಕೇಳಿ ಬಿಚ್ಚಿ."

"ಖಂಡಿತ."

ಮೊದಲ ದಿನ ಬಿಚ್ಚುವ ಅಗತ್ಯವೇ ಬರಲಿಲ್ಲ. ಫ್ಲಾಪಿಯನ್ನು ಓದುವ ಹೆಡ್ಡಿಗೆ ಕೊಳೆ ಕೂತಿತ್ತು, ಹತ್ತಿಯಿಂದ ಒರೆಸಿದ. ಅವಳ ಹದಿಮೂರನೇ ವರ್ಷದ ಟ್ಯೂನ್ ಟಿಂವ್ ಟಿಂವ್ ಎಂದು ಶುರುವಾಯಿತು. ಅವಳು ನಕ್ಕಳು, ನಗುತ್ತಾ ನಗುತ್ತಾ ಅತ್ತುಬಿಟ್ಟಳು.

"ಕೊನೇದು ಈಗ ಬೇಡ. ಭಾನುವಾರ ನನ್ನ ಹುಟ್ಟುಹಬ್ಬ. ಅವತ್ತು ಒಬ್ಬಳೇ ಕೂತು ಕೇಳ್ತೀನಿ."

"ಸರಿ, ಅಲ್ಲೀತನಕ ಡ್ರೈವ್ ಇಲ್ಲಿರಲಿ. ಓಡಿಸಿ ನೋಡಿರ್ತೀನಿ."

ಭಾನುವಾರ ಅವಳು ಬಂದಾಗ ಡ್ರೈವ್ ಒಂದೇ ಒಂದು ಫ್ಲಾಪಿಯನ್ನೂ ಓದಲಿಲ್ಲ. ಪರದೆಯ ತುಂಬಾ ರೀಡ್ ಎರರ್... ರೀಡ್ ಎರರ್...

"ಒಂದು ಭಾಗ ಹೋಗಿದೆ. ತರಿಸ್ತೀನಿ," ಎಂದ ಅವನು, ನೆಲ ನೋಡುತ್ತಾ.

ಅವಳು ನಂಬಿದಳು. ಮೂರು ವಾರ ಪ್ರತಿ ಸಂಜೆ ಕ್ಲಿನಿಕ್ ಮುಗಿಸಿ ಬಂದಳು. 'ಭಾಗ ಬಂತಾ?' ಎಂದು ಕೇಳುವುದು ಬರಬರುತ್ತಾ ನೆಪವಾಯಿತು. ಅಪ್ಪನ ಗೊರಕೆ, ಮುಂಗೋಪ, ಕೊನೆಯ ದಿನ ಫೋನ್ ಎತ್ತದೆ ಹೋದ ತನ್ನ ತಪ್ಪು, ಎಲ್ಲವನ್ನೂ ಅವನೆದುರು ಹೇಳಿಕೊಂಡಳು. 'ಇವನ ಮುಂದೆ ಯಾಕೆ ಇಷ್ಟು ಹಗುರ ಆಗ್ತೀನಿ?' ಎಂದು ದಾರಿಯುದ್ದಕ್ಕೂ ತನ್ನನ್ನೇ ಕೇಳಿಕೊಳ್ಳುತ್ತಿದ್ದಳು.

ಆಮೇಲೊಂದು ಸಂಜೆ ಸುಮ್ಮನೆ ಡ್ರೈವನ್ನು ತಿರುಗಿಸಿ ನೋಡಿದಳು. ಹೆಡ್ಡನ್ನು ಸರಿಸುವ ಮೋಟಾರಿನ ಎರಡು ಸ್ಕ್ರೂಗಳ ಮೇಲೆ, ಅವು ಅಲುಗದಿರಲೆಂದು ಫ್ಯಾಕ್ಟರಿಯವರು ಹಚ್ಚಿದ ಕೆಂಪು ಬಣ್ಣ ಒಡೆದಿತ್ತು. ಗೀರು ಹೊಸದು. ಹಲ್ಲಿನ ಡಾಕ್ಟರ ಕಣ್ಣಿಗೆ ಗೀರು ತಪ್ಪುತ್ತದೆಯೇ?

"ಇದನ್ನ ಬಿಚ್ಚಿದ್ರಾ?"

ಅವನ ಮುಖ ಬಿಳಿಚಿಕೊಂಡಿತು. "ಆ ಶನಿವಾರ... ಹೆಡ್ಡು ಕೂದಲೆಳೆಯಷ್ಟು ಸೊಟ್ಟಗಿತ್ತು. ಹಳೇದಾಗಿ ಜರುಗಿದೆ ಅಂದ್ಕೊಂಡು ನೇರ ಮಾಡಿದೆ. ನಿಮ್ಮ ಹುಟ್ಟುಹಬ್ಬದ ದಿನ ಕೈಕೊಡಬಾರದು ಅಂತ... ಆಮೇಲೆ ಎಷ್ಟು ಒದ್ದಾಡಿದ್ರೂ ಓದ್ತಾನೇ ಇಲ್ಲ."

"ತರಿಸ್ತಿದ್ದ ಭಾಗ?"

"ಯಾವ ಭಾಗವೂ ಇಲ್ಲ."

ಫ್ಲಾಪಿ ಹೋದದ್ದಕ್ಕಿಂತ ಆ ಮಾತು ಅವಳನ್ನು ಹೆಚ್ಚು ಸುಟ್ಟಿತು. ಮೂರು ವಾರ! ತಾನು ಎದೆ ಬಗೆದು ಹೇಳಿಕೊಳ್ಳುತ್ತಿದ್ದರೆ, ಇವನು ಸುಳ್ಳನ್ನು ಒಳಗಿಟ್ಟುಕೊಂಡು ತಲೆಯಾಡಿಸುತ್ತಾ ಕೂತಿದ್ದ.

"ಅಪ್ಪನ್ನ ಎರಡನೇ ಸಲ ಕಳ್ಕೊಂಡೆ. ಈ ಸಲ ನಿಮ್ಮ ಕೈಯಿಂದ," ಎಂದು ಡ್ರೈವನ್ನೂ ಪೆಟ್ಟಿಗೆಗೆ ಹಾಕಿ, ಎತ್ತಿಕೊಂಡು ಹೊರಟಳು. ವಾಪಸ್ ಕರೆಯಲು ಅವನಿಗೆ ಮುಖವೆಲ್ಲಿತ್ತು?

ಹದಿನೈದು ದಿನ ಅವಳಿಗೆ ಸರಿಯಾಗಿ ನಿದ್ದೆ ಬರಲಿಲ್ಲ. ಅವನ ಮೇಲೆ ಸಿಟ್ಟು, ಅವನು ನೆನಪಾಗುವುದಕ್ಕೆ ತನ್ನ ಮೇಲೂ ಸಿಟ್ಟು.

ಒಂದು ಬೆಳಿಗ್ಗೆ ಅಜ್ಜಿಯೊಬ್ಬರು ಕ್ಲಿನಿಕ್ಕಿನ ಕುರ್ಚಿಯಲ್ಲಿ ಕೂತು ಗೊಣಗಿದರು. "ಸೊಟ್ಟ ಹಲ್ಲಲ್ಲೇ ಅರವತ್ತು ವರ್ಷ ಚೆನ್ನಾಗಿ ಅಗಿದೆ ಕಣಮ್ಮ. ನಿನ್ನ ಹಾಗೇ ಒಬ್ಬ ಡಾಕ್ಟರು ಅದನ್ನ ನೆಟ್ಟಗೆ ಮಾಡಿದ ನೋಡು, ಈಗ ಮೇಲಿನ ಹಲ್ಲು ಕೆಳಗಿನದಕ್ಕೆ ಕೂರ್ತಾನೇ ಇಲ್ಲ."

ಅವಳ ಕೈ ಹಾಗೇ ನಿಂತಿತು. ಆ ಹೆಡ್ಡೂ ಹುಟ್ಟಿನಿಂದಲೇ ಸೊಟ್ಟಗಿದ್ದಿದ್ದರೆ...?

ಮಧ್ಯಾಹ್ನವೇ ಪೆಟ್ಟಿಗೆ ಹಿಡಿದು ಅಂಗಡಿಗೆ ನುಗ್ಗಿದಳು. ಅವನು ಧಡಕ್ಕನೆ ಎದ್ದು ನಿಂತ.

"ಮಾತು ಬೇಡ. ನೀವು ಬಿಚ್ಚೋ ಮೊದಲು ಆ ಕೆಂಪು ಬಣ್ಣ ಒಡೆದಿತ್ತಾ?"

"ಇಲ್ಲ..."

"ಹಾಗಾದ್ರೆ ಹೆಡ್ಡು ಜರುಗೇ ಇಲ್ಲ. ಫ್ಯಾಕ್ಟರಿಯಿಂದಲೇ ಸೊಟ್ಟಗೆ ಬಂದಿದೆ. ಅಪ್ಪ ಹತ್ತೊಂಬತ್ತನ್ನೂ ಆ ಸೊಟ್ಟ ಹೆಡ್ಡಲ್ಲೇ ಬರೆದಿದ್ದಾರೆ. ನೇರ ಹೆಡ್ಡಿಗೆ ಅದು ಕಾಣಲ್ಲ."

ಅವನು ಹಣೆಗೆ ಕೈ ಹಚ್ಚಿದ. ಆಮೇಲೆ ಅವಳ ಕಡೆ ನೋಡಿ, "ಬಿಚ್ಚಲಾ?" ಎಂದ.

"ಬಿಚ್ಚಿ."

ಎರಡು ಗಂಟೆ ಹಿಡಿಯಿತು. ಅವನು ಮೋಟಾರನ್ನು ಇಷ್ಟೇ ಇಷ್ಟು ತಿರುಗಿಸುವುದು, ಅವಳು ಫ್ಲಾಪಿ ಹಾಕುವುದು, ಎರರ್. ಮತ್ತೆ ತಿರುಗಿಸುವುದು, ಮತ್ತೆ ಎರರ್. ಇಬ್ಬರೂ ಬೆವೆತರು. ಕೊನೆಗೆ ಹದಿಮೂರನೇ ವರ್ಷದ ಟ್ಯೂನ್ ಕೇಳಿಸಿತು.

ಅವನು ಮೆಲ್ಲಗೆ ಎದ್ದ. "ಕೊನೇದನ್ನ ಹಾಕ್ಕೊಳ್ಳಿ. ನಾನು ಹೊರಗಿರ್ತೀನಿ."

"ಕೂತ್ಕೊಳ್ಳಿ."

ಟ್ಯೂನ್ ಮುಕ್ಕಾಲು ನಿಮಿಷವಿತ್ತು. ನಡುವೆ ಎಲ್ಲೋ ತಾಳ ತಪ್ಪಿತ್ತು, ಅಪ್ಪ ತಿದ್ದದೆ ಹಾಗೇ ಬಿಟ್ಟಿದ್ದರು. ಅವಳು ಮೂರು ಸಲ ಕೇಳಿ, ಬಿಕ್ಕಿ ಬಿಕ್ಕಿ ಅತ್ತಳು.

"ಆ ಭಾನುವಾರವೇ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನೀವು ಮತ್ತೆ ಬರಲ್ಲ ಅಂತ ಹೆದರಿಕೆ ಆಯ್ತು. ಆಮೇಲೆ ದಿನಾ ಬರ್ತಿದ್ರಿ... ದಿನಾ ಹೇಳೋದು ಕಷ್ಟ ಆಗ್ತಾ ಹೋಯ್ತು. ನಿಮ್ಮನ್ನ ಇಷ್ಟಪಟ್ಟೆ. ಇಷ್ಟಪಟ್ಟವರಿಗೆ ಮಾಡೋ ಕೆಲಸ ಅಲ್ಲ ಇದು, ಗೊತ್ತು."

ಅವಳು ಕಣ್ಣೊರೆಸಿಕೊಂಡಳು. "ನನ್ನ ಸಿಟ್ಟು ಇನ್ನೂ ಹೋಗಿಲ್ಲ."

"ಹೋಗೋದು ಬೇಡ. ಬೈಯೋಕಾದ್ರೂ ಬನ್ನಿ."

"ಎಷ್ಟು ದಿನ ಅಂತ ಬೈತಾ ಇರೋದು?"

"ನಿಮಗೆ ಸಾಕು ಅನ್ನಿಸೋವರೆಗೂ."

ಅವಳು ಕುರ್ಚಿಯನ್ನು ಅವನ ಪಕ್ಕಕ್ಕೆ ಎಳೆದುಕೊಂಡಳು. "ನನಗೆ ಬೇಗ ಸಾಕಾಗಲ್ಲ," ಎಂದಳು.