ನಮ್ಮ ಟ್ರೇಲರ್‌ನ ತೂಕ

ನನಗೆ ಮಾತು ಕಡಿಮೆ. ನಡೆದದ್ದನ್ನೆಲ್ಲ ಡೈರಿಯಲ್ಲಿ ಬರೆದಿಡುತ್ತೇನೆ. ಇದೂ ಅಲ್ಲಿರುವುದೇ.

ಕಾರಿನ ಹಿಂದೆ ಕಟ್ಟಿಕೊಂಡು ಊರೂರು ಸುತ್ತಲು, ಇಬ್ಬರು ಮಲಗುವಷ್ಟು ಪುಟ್ಟ ಟ್ರೇಲರ್ ಮಾಡಿದೆವು. ನಕ್ಷೆ ನನ್ನದು, ಗರಗಸ ಚಿಕ್ಕಪ್ಪನದು. ನಮ್ಮ ಹಳೇ ಕಾರು ಮುನ್ನೂರೈವತ್ತು ಕೆಜಿಗಿಂತ ಹೆಚ್ಚು ಎಳೆಯುವಂತಿರಲಿಲ್ಲ. ಅದಕ್ಕೇ ಚಕ್ರದಿಂದ ಹಾಸಿಗೆಯವರೆಗೆ ಒಂದೊಂದನ್ನೂ ಅಪ್ಪಿಕೊಂಡು ಮನೆಯ ತೂಕದ ಯಂತ್ರದ ಮೇಲೆ ನಿಂತು, ನನ್ನ ಐವತ್ತು ಕೆಜಿ ಕಳೆದು ಬರೆದಿಡುತ್ತಿದ್ದೆ. ಎಲ್ಲ ಸೇರಿ ಮುನ್ನೂರ ಹತ್ತು.

ಮರುದಿನವೇ ಪ್ರವಾಸ. ಖುಷಿಗೆ ಊಟವೇ ಸೇರಿರಲಿಲ್ಲ. ಮಧ್ಯಾಹ್ನ ಲಾರಿ ತೂಗುವಲ್ಲಿಗೆ ಎಳೆದೊಯ್ದು, ಟ್ರೇಲರ್ ಒಂದನ್ನೇ ಬಿಚ್ಚಿ ನಿಲ್ಲಿಸಿದೆವು.

ಮುನ್ನೂರ ಅರವತ್ತು!

"ಕೂಡೋವಾಗ ನಿನ್ನನ್ನ ಇನ್ನೊಂದ್ಸಲ ಕಳ್ದಿದ್ದೀಯ, ಡಿಗ್ರಿ ಅಮ್ಮಣ್ಣಿ," ಎಂದು ಚಿಕ್ಕಪ್ಪ ರೇಗಿಸಿದರು.

"ಇಲ್ಲ ಚಿಕ್ಕಪ್ಪ. ಒಳಗೇನಾದ್ರೂ ಉಳ್ಕೊಂಡಿದ್ಯಾ ನೋಡ್ತೀನಿ."

ಹತ್ತಿ ನೋಡಿದರೆ ವಾರ್ನಿಷ್ ವಾಸನೆ, ಯಾರೂ ಇನ್ನೂ ಮಲಗಿರದ ಹೊಸ ಹಾಸಿಗೆ, ಅಷ್ಟೆ. ಹಾಸಿಗೆಯ ಒಂದು ಬದಿ ಮಾತ್ರ ತಗ್ಗಾಗಿತ್ತು. ಕೈಯಿಟ್ಟರೆ ಬೆಚ್ಚಗಿತ್ತು. ಅಲ್ಲೇ ಕೂತೆ.

"ಏಯ್, ನೀನು ಹತ್ತಿದ್ಮೇಲೆ ನಾನೂರ ಹತ್ತು ತೋರಿಸ್ತಿದೆ ಕಣೇ! ಇಳಿ ನೋಡೋಣ."

ಇಳಿದೆ. ಮುನ್ನೂರ ಹತ್ತು.

"ಪಾಸ್!" ಚಿಕ್ಕಪ್ಪ ಕುಣಿದೇಬಿಟ್ಟರು. "ಮೊದ್ಲು ಯಂತ್ರ ತಪ್ಪು ತೋರಿಸಿತ್ತು ಅಷ್ಟೆ. ನಾಳೆ ಹೊರಡೋದೇ!"

ನಾನೂ ಚಪ್ಪಾಳೆ ತಟ್ಟಿದೆ. ವಾಪಸು ಬರುವಾಗ ಟ್ರೇಲರ್ ಆಟಿಕೆಯಂತೆ ಹಗುರವಾಗಿ ಹಿಂದೆ ಬಂತು. ಕಾರಿನಿಂದ ಇಳಿದಾಗ ನನಗೆ ಮಾತ್ರ ಕಾಲು ಎತ್ತಿಡುವುದೇ ಕಷ್ಟವಾಗಿತ್ತು.

ಮನೆಗೆ ಬಂದವಳೇ ಬರಿಗೈಯಲ್ಲಿ ತೂಕದ ಯಂತ್ರದ ಮೇಲೆ ನಿಂತೆ. ಮೂರು ಸಲ ಇಳಿದು ಹತ್ತಿದೆ. ಮೂರು ಸಲವೂ ಮುಳ್ಳು ನೂರರ ಮೇಲೇ ನಿಂತಿತು.